ಸಮುದ್ರಕ್ಕೆ ಉಡಿ ತುಂಬಿದ್ದು

ನಮ್ಮ ಓಣಿಯಲ್ಲಿ ಯಾವ ಕೆಲಸವೂ ಸುಮ್ಮನೆ ಆಗುವುದಿಲ್ಲ. ಹಪ್ಪಳ ಒಣಹಾಕಿದರೂ ಒಂದು ಪಂಚಾಯ್ತಿ ಹುಟ್ಟುತ್ತದೆ, ನಳಕ್ಕೆ ನೀರು ಬಂದರೂ ಒಂದು ನಾಟಕ ನಡೆಯುತ್ತದೆ. ಅಂಥದ್ದರಲ್ಲಿ ಬೈಲಹೊಂಗಲದ ಒಂದೇ ಓಣಿಯ ಒಂಬತ್ತು ಹೆಂಗಸರು ಗಂಡಂದಿರನ್ನು ಮನೆಯಲ್ಲಿ ಬಿಟ್ಟು ಮಂಗಳೂರಿಗೆ ಹೊರಟರೆ ಏನೇನು ಆಗಬೇಡ? ಆದದ್ದನ್ನಷ್ಟೇ ಬರೆಯುತ್ತೇನೆ. ನಾನಾಗಿ ಏನೂ ಕೂಡಿಸಿಲ್ಲ. ಕೂಡಿಸುವ ಅಗತ್ಯವನ್ನು ನಮ್ಮ ಅತ್ತೆ ಇಟ್ಟಿಲ್ಲ.

ದೂರದ್ದೇ ಸೋವಿ

ಮೊದಲು ನನ್ನ ಸಂಕಟ ಹೇಳಿಬಿಡುತ್ತೇನೆ. ನಾನು ಸಮುದ್ರ ನೋಡಿರಲಿಲ್ಲ. ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಸಾಲಿಯ ಟ್ರಿಪ್ಪು ಕಾರವಾರಕ್ಕೆ ಹೋಯಿತು. "ಅಷ್ಟು ದೂರ ಯಾಕ? ಮುಂದ ಗಂಡನ ಜೋಡಿ ಹೋಗಿ ನೋಡೀಯಂತ" ಎಂದು ಅಪ್ಪ ತಡೆದರು. ಮದುವೆಯಾದ ಮೇಲೆ ಗಂಡನನ್ನು ಕೇಳಿದೆ. ಅವರು ಬೈಕಿನ ಮೇಲೆ ಸವದತ್ತಿಗೆ ಕರೆದೊಯ್ದು ನವಿಲುತೀರ್ಥದ ಡ್ಯಾಮು ತೋರಿಸಿ, "ಇದನ್ನ ಸಮುದ್ರ ಅನ್ಕೋ. ಅಲ್ಲೂ ನೀರ, ಇಲ್ಲೂ ನೀರ" ಅಂದರು. ಮರುದಿನ ನಾನು ತಾಟಿಗೆ ಬರೀ ನುಚ್ಚು ಮಜ್ಜಿಗೆ ಹಾಕಿ, "ಇದನ್ನ ಹೋಳಿಗಿ ಅನ್ಕೋರಿ" ಅಂದೆ.

ಹಾಗಾಗಿ ಅಂಗನವಾಡಿ ಟೀಚರಕ್ಕ ತಮ್ಮ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಕೂಡಿಸಿ, "ಎಲ್ಲಾರೂ ಕೂಡಿ ಎಲ್ಲಿಗಾರ ಹೋಗೂಣು" ಅಂದ ಕೂಡಲೇ ನಾನು "ಸಮುದ್ರಕ್ಕ!" ಎಂದು ಕೂಗಿಬಿಟ್ಟೆ. ಟೀಚರಕ್ಕ, "ಹಂಗಾರ ಗೋವಾ. ಭಾಳ ಹತ್ತರ" ಅಂದರು. ಪಕ್ಕದ ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರುವ ಹೊಲಿಗೆಯಕ್ಕ ತಲೆ ಅಲ್ಲಾಡಿಸಿದಳು.

"ಗೋವಾ ಬ್ಯಾಡ್ರಿ. ಗೋವಾ ಅಂದ್ರ ನಮ್ಮ ಮನ್ಯಾವರೂ ಚೀಲ ಹಿಡಕೊಂಡು ಮುಂದ ನಿಂದರತಾರ."

ಇನ್ನೊಂದು ಅಡ್ಡಿಯೂ ಇತ್ತು. ಸರಕಾರಿ ಬಸ್ಸು ನಮಗೆ ಪುಕ್ಕಟೆ, ಆದರೆ ಗಡಿ ದಾಟಿದರೆ ಟಿಕೆಟ್ಟು. ಕಾರವಾರವನ್ನು ಟೀಚರಕ್ಕ ಮೊದಲೇ ನೋಡಿದ್ದರು. ಮಂಗಳೂರಿಗೆ ಆಧಾರ್ ಕಾರ್ಡು ತೋರಿಸಿದರೆ ಸಾಕು. ಹತ್ತಿರದ ಸಮುದ್ರಕ್ಕೆ ರೊಕ್ಕ, ದೂರದ ಸಮುದ್ರ ಪುಕ್ಕಟೆ. "ಅಂದ್ರ ದೂರ ಹೋದಷ್ಟೂ ನಮಗ ಲಾಭ" ಎಂದು ಟೀಚರಕ್ಕ ಬಿಡಿಸಿ ಹೇಳಿದರು. ಹೊಲಿಗೆಯಕ್ಕ ಒಂದು ನಿಮಿಷ ವಿಚಾರ ಮಾಡಿ ಕೇಳಿದಳು: "ಟೀಚರ್‍ರ, ಮಂಗಳೂರಿಗಿಂತ ಇನ್ನೂ ದೂರ ಯಾವುದಾರ ಐತೇನ್ರಿ?"

ಜಗಲಿ ಮುಟ್ಟಿದ ಆಣೆ

ಊರು ಗೊತ್ತಾಯಿತು. ಇನ್ನು ಅತ್ತೆಯ ಅಪ್ಪಣೆ. ಗಂಡನ ಅಪ್ಪಣೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಅವರೂ ಅತ್ತೆಯನ್ನೇ ಕೇಳುತ್ತಾರೆ.

"ಸಮುದ್ರಕ್ಕ?" ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಯಾಕ, ನಮ್ಮ ಬೋರಿನ್ಯಾಗ ನೀರು ನಿಂತಾವೇನು?"

"ಇಲ್ರಿ ಅತ್ತಿ. ಆದ್ರ ಅದರಾಗ ಹಡಗ ಹೋಗಂಗಿಲ್ರಿ."

ಮೂರನೆಯ ದಿನ ಮುಂಜಾನೆ ಚಹದ ಕಪ್ಪು ಕೆಳಗಿಟ್ಟು, "ಹೋಗು" ಅಂದರು. ನನಗೆ ಕುಣಿಯಬೇಕು ಅನಿಸಿತು. "ನಾನೂ ಬರತೇನಿ" ಅಂದರು. ಕಾಲು ನಿಂತುಹೋಯಿತು.

ಅಷ್ಟೇ ಅಲ್ಲ, ಒಂದು ಕರಾರೂ ಇತ್ತು. ಅವರ ಪರಿಚಯದವರ ಪರಿಚಯದವರ ಸೊಸೆಯನ್ನು ಎಲ್ಲಿಯೋ ಒಂದು ತೆರೆ ಎಳೆದಿತ್ತಂತೆ. ಆಕೆ ಬದುಕಿದ್ದಾಳೆ, ಮೊನ್ನೆ ಯರಗಟ್ಟಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಳು, ಅದು ಬೇರೆ ಮಾತು. "ಸಣ್ಣ ಕೂಸಿನ ತಾಯಿ ನೀ. ದಂಡಿ ಮ್ಯಾಲ ನಿಂತು ನೋಡು. ನೀರಿಗೆ ಕಾಲಿಟ್ಟಿ ಅಂದ್ರ ನೋಡು ಮತ್ತ!" ಎಂದು ದೇವರ ಜಗಲಿ ಮುಟ್ಟಿಸಿ ಆಣೆ ಮಾಡಿಸಿಕೊಂಡರು.

ಹದಿನಾಲ್ಕು ವರ್ಷ ಕಾದ ಸಮುದ್ರ. ಅದನ್ನು ಫೋಟೋ ನೋಡಿದಂತೆ ದೂರದಿಂದ ನೋಡಬೇಕು. ಗಂಡನ ಮುಂದೆ ಗೋಳು ತೋಡಿಕೊಂಡೆ. ಅವರು ಬಹಳ ಸಮಾಧಾನದಿಂದ ಹೇಳಿದರು: "ಡ್ಯಾಮಿಗೆ ಹೋದಾಗ ಕಾಲು ತೊಯ್ಸಿದ್ದಿಯಲ್ಲ, ಮತ್ತೇನು?"

ಖಣದ ಪೆಟ್ಟಿಗೆ

ನಮ್ಮ ಅತ್ತೆಯ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಮದುವೆ, ಬಸುರಿಯ ಕುಬಸ, ತೊಟ್ಟಿಲು ಎಂದು ಹೋದಲ್ಲೆಲ್ಲ ಉಡಿ ತುಂಬಿ, ಅಂದರೆ ಮಡಿಲು ತುಂಬಿ, ಕೊಟ್ಟ ರವಿಕೆಯ ಖಣಗಳು ಅದರಲ್ಲಿರುತ್ತವೆ. ಒಂದನ್ನೂ ಹೊಲಿಸುವುದಿಲ್ಲ. ನಮ್ಮ ಮನೆಗೆ ಯಾರಾದರೂ ಬಂದರೆ ಅದೇ ಪೆಟ್ಟಿಗೆಯಿಂದ ಒಂದು ತೆಗೆದು ಅವರ ಉಡಿ ತುಂಬುತ್ತಾರೆ. ಹೀಗೆ ನಮ್ಮ ಓಣಿಯ ಖಣಗಳು ನಮಗಿಂತ ಹೆಚ್ಚು ಊರು ತಿರುಗಿವೆ.

ಕೊಡುವುದಕ್ಕೂ ಒಂದು ರೀತಿ ಇದೆ. ಕೊಟ್ಟ ಕೂಡಲೇ ತೆಗೆದುಕೊಂಡರೆ ಆಸೆಬುರುಕಿ ಅಂತಾರೆ. "ಬ್ಯಾಡ ಬ್ಯಾಡ, ಅದೆಲ್ಲಾ ಯಾಕ ಬೇ" ಎಂದು ಮೂರು ಸಲ ದೂಡಬೇಕು. ಕೊಡುವವರು ಮೂರು ಸಲ ತುರುಕಬೇಕು. ನಮ್ಮ ಬಾಗಿಲಲ್ಲಿ ಇದು ನಡೆಯುವಾಗ ದಾರಿಯಲ್ಲಿ ಹೋಗುವವರು ಜಗಳ ಬಿಡಿಸಲು ಬಂದದ್ದುಂಟು.

ಒಮ್ಮೆ ಹೊಲಿಗೆಯಕ್ಕನಿಗೆ ಅತ್ತೆ ಉಡಿ ತುಂಬಿದರು. ಮೂರು ಸಲದ ತುರುಕಾಟ ಮುಗಿಯಿತು. ಹೊಲಿಗೆಯಕ್ಕ ಖಣದ ಮೂಲೆ ಮಗುಚಿ ನೋಡಿದಳು. ಅಲ್ಲಿ ಆಕೆಯದೇ ನೀಲಿ ದಾರದ ಗುರುತಿತ್ತು. "ಅತ್ತಿ, ಇದು ನಿಮ್ಮ ಮನಿ ವಾಸ್ತುಶಾಂತಿಗೆ ನಾನ ಕೊಟ್ಟ ಖಣ ಅಲ್ರಿ?" ನಾನು ನಾಚಿಕೆಯಿಂದ ಅಡುಗೆಮನೆ ಸೇರಿದೆ. ಅತ್ತೆಯ ಮುಖ ಒಂದಿಷ್ಟೂ ಬಾಡಲಿಲ್ಲ. "ಹೌದವಾ! ನೋಡು, ನಾಕು ವರ್ಷ ಎಷ್ಟು ಜ್ವಾಕಿ ಮಾಡೇನಿ. ಒಂದು ಎಳಿ ಸೈತ ಎದ್ದಿಲ್ಲ."

ಮಂಗಳೂರಿಗೆ ಹೊರಡುವ ಹಿಂದಿನ ದಿನ ಅತ್ತೆ ಆ ಪೆಟ್ಟಿಗೆಯ ತಳದಿಂದ ಒಂದು ಗುಳೇದಗುಡ್ಡದ ಖಣ ತೆಗೆದರು. ಕೆಂಪು ಅಂಚು, ಹೊಸ ನೋಟಿನಂಥ ಗರಿ. ಮೂವತ್ತು ವರ್ಷದಲ್ಲಿ ಯಾರಿಗೂ ಕೊಡದೆ ಇಟ್ಟದ್ದು, ನನಗೂ ಕೊಡದೆ ಇಟ್ಟದ್ದು. ತೆಂಗಿನಕಾಯಿ, ಅಕ್ಕಿ, ಅರಿಷಿಣದ ಬೇರು, ಉತ್ತತ್ತಿ ಇಟ್ಟು ಅದನ್ನು ಗಂಟು ಕಟ್ಟತೊಡಗಿದರು.

"ಯಾರಿಗ್ರಿ ಅತ್ತಿ?"

"ಸಮುದ್ರಕ್ಕ. ಗಂಗವ್ವ ಅಲ್ಲೇನು ಆಕಿ? ಮೊದಲನೇ ಸಲ ಆಕಿ ಮನಿಗೆ ಹೊಂಟೇವಿ, ಬರಿಗೈಲೆ ಹೋಗೂದೇನು?"

ಅತ್ತೆಯ ಪೆಟ್ಟಿಗೆಯಿಂದ ಹೊಸ ಖಣ ಗಿಟ್ಟಿಸಬೇಕಾದರೆ ಸಮುದ್ರವಾಗಿಯೇ ಹುಟ್ಟಬೇಕು ಎಂದು ನನಗೆ ಆ ದಿನ ತಿಳಿಯಿತು.

ರೊಟ್ಟಿಯ ಗುಡ್ಡ

ಟೀಚರಕ್ಕ ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿದ್ದರು: "ಎಲ್ಲರೂ ಕಟಕ ರೊಟ್ಟಿ ತರಬೇಕು." ತಿಂಗಳಾದರೂ ಕೆಡದ ಗಟ್ಟಿ ಒಣ ಜೋಳದ ರೊಟ್ಟಿ. ತಂತಮಗೆ ಬೇಕಾದಷ್ಟು ಎಂದು ಬರೆದಿರಲಿಲ್ಲ. ನಮ್ಮ ಕಡೆಯ ಹೆಂಗಸು ತನ್ನೊಬ್ಬಳಿಗೇ ರೊಟ್ಟಿ ಕಟ್ಟಿಕೊಂಡು ಹೋದರೆ ಏಳು ತಲೆಮಾರು ಮಾತು ಕೇಳಬೇಕಾಗುತ್ತದೆ. ಹಾಗಾಗಿ ಒಂಬತ್ತೂ ಜನ ಒಂಬತ್ತೂ ಜನರಿಗೆ ಆಗುವಷ್ಟು ಬಡಿದು ತಂದಿದ್ದರು. ಅದೂ ಎರಡು ದಿನಕ್ಕೆ.

ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರೂ ಬಂದು ಗಂಟು ಇಳಿಸಿದಂತೆ ಗುಡ್ಡ ಏರುತ್ತ ಹೋಯಿತು. ಎಲ್ಲರ ಗಂಟಿನಲ್ಲೂ ರೊಟ್ಟಿ. "ಹಚ್ಚಿಕೊಳ್ಳಾಕ ಏನು ತಂದೀರಿ?" ಎಂದು ಟೀಚರಕ್ಕ ಕೇಳಿದರು. ಚಟ್ನಿಯ ಬಗ್ಗೆ ಮೆಸೇಜಿನಲ್ಲಿ ಏನೂ ಇರಲಿಲ್ಲ. ಕೊನೆಗೆ ಅತ್ತೆಯ ಕೈಚೀಲದಲ್ಲಿ ಶೇಂಗಾ ಚಟ್ನಿಯ ಒಂದು ಸಣ್ಣ ಡಬ್ಬಿ ಸಿಕ್ಕಿತು. ಅದು ಅವರ ಔಷಧದ ಡಬ್ಬಿಗಿಂತ ಸಣ್ಣದು.

ಹುಬ್ಬಳ್ಳಿಯಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ಸೀಟಿನ ಕೆಳಗೆ, ಮೇಲಿನ ಕಂಬಿಯ ಮೇಲೆ, ತೊಡೆಯ ಮೇಲೆ, ಎಲ್ಲೆಲ್ಲೂ ಬಿಳಿ ಅರಿವೆಯ ಗಂಟುಗಳು. ಕಂಡಕ್ಟರ್ ಒಂಬತ್ತು ಪುಕ್ಕಟೆ ಟಿಕೆಟ್ಟು ಹರಿದು, ಸುತ್ತ ಒಮ್ಮೆ ನೋಡಿ ಕೇಳಿದರು: "ಅಕ್ಕಾರ, ಊರು ನೋಡಾಕ ಹೊಂಟೀರೋ, ಖಾನಾವಳಿ ತೆಗಿಯಾಕ ಹೊಂಟೀರೋ?"

ಅತ್ತೆಯ ತಲೆ

ಕಿಟಕಿಯ ಸೀಟು ನನ್ನದೇ ಆಗಿತ್ತು, ಹುಬ್ಬಳ್ಳಿಯವರೆಗೆ. ಅಲ್ಲಿ ಬಸ್ಸು ಬದಲಾಯಿಸುವಾಗ ಅತ್ತೆ, "ನನಗ ಗಾಳಿ ಬೇಕವಾ" ಎಂದು ಒಳಗೆ ಸರಿದರು. ಘಟ್ಟ ಇಳಿಯುವಷ್ಟರಲ್ಲಿ ಗಾಳಿ ಸಾಕಾಗಿ ಗಾಜು ಮುಚ್ಚಿ, ಅದಕ್ಕೆ ತಲೆ ಒರಗಿಸಿ ಗೊರಕೆ ಹೊಡೆಯತೊಡಗಿದರು.

ಮಧ್ಯಾಹ್ನದ ಮೇಲೆ ಹಿಂದಿನ ಸೀಟಿನಿಂದ ಹೊಲಿಗೆಯಕ್ಕ ಕಿರುಚಿದಳು. "ಸಮುದ್ರ! ಸಮುದ್ರ ಬಂತು!"

ಬಲಗಡೆಯೇ ಬಂದಿತ್ತು, ನಮ್ಮ ಕಡೆಯೇ. ನನ್ನ ಮತ್ತು ಸಮುದ್ರದ ನಡುವೆ ಅತ್ತೆಯ ತಲೆ ಇತ್ತು. ಬಗ್ಗಿ ಅವರ ಗದ್ದದ ಕೆಳಗಿನಿಂದ ನೋಡಿದೆ. ಒಂದು ಬಟ್ಟಲಿನಷ್ಟು ನೀಲಿ ಕಂಡಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಂಡ. ಹಿಂದೆ ಮಗಳು ಅಳುವ ದನಿ.

"ಏನಾತ್ರಿ? ಕೂಸು ಬಿತ್ತೇನು?"

"ಇಲ್ಲ, ಕೂಸು ಆರಾಮೈತಿ, ಹಾಡಾಕತ್ತೈತಿ. ಚಹಾಪುಡಿ ಎಲ್ಲಿಟ್ಟಿ?"

ಎಲ್ಲಿದೆ ಎಂದು ಹೇಳಿ ತಲೆ ಎತ್ತುವಷ್ಟರಲ್ಲಿ ಹೊರಗೆ ಬರೀ ತೆಂಗಿನ ಮರಗಳು. ಮದುವೆಯಾಗಿ ಎಂಟು ವರ್ಷದಿಂದ ನಮ್ಮ ಮನೆಯಲ್ಲಿ ಚಹಾಪುಡಿ ಚಹಾಪುಡಿಯ ಡಬ್ಬಿಯಲ್ಲೇ ಇರುತ್ತದೆ.

ಮೀನು ಪೇಟೆಯಲ್ಲಿ ರೊಟ್ಟಿ

ಮರುದಿನ ಬೆಳಗ್ಗೆ ಟೀಚರಕ್ಕ ನಮ್ಮನ್ನು ಬಂದರಿಗೆ ಕರೆದೊಯ್ದರು. ಸಾಲಾಗಿ ನಿಂತ ದೋಣಿಗಳು, ಬುಟ್ಟಿ, ಮಂಜುಗಡ್ಡೆ, ಕೂಗಾಟ. ಮೀನಿನ ವಾಸನೆಗೆ ನಾವೆಲ್ಲ ಸೆರಗು ಮೂಗಿಗೆ ಹಿಡಿದು ಕಳ್ಳರ ಗುಂಪಿನಂತೆ ನಡೆದೆವು. ಮೀನು ಮಾರುವ ಒಬ್ಬ ಹೆಂಗಸು ಗಿರಾಕಿಯ ಜೊತೆ ಜಗಳಕ್ಕೆ ನಿಂತಿದ್ದಳು. "ನಿಮಗೆ ಬೇಕಾದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ದಾರಿ ಬಿಡಿ ಮಾರಾಯ್ರೆ!"

ಅತ್ತೆ ನಿಂತು ಕೇಳಿ ತಲೆದೂಗಿದರು. "ಎಷ್ಟು ಚಂದ ಬೈತಾಳ ನೋಡ. ಸಾಲ್ಯಾಗ ಪಾಠ ಓದಿದಂಗ ಅನಸ್ತೈತಿ."

ಅತ್ತೆಗೆ ಆಕೆ ಮೆಚ್ಚಿಗೆಯಾದಳು. ಮೆಚ್ಚಿಗೆಯಾದ ಮೇಲೆ ಏನಾದರೂ ಕೊಡಲೇಬೇಕು. ಎರಡು ಡಜನ್ ರೊಟ್ಟಿ ಕೊಟ್ಟರು. ಆಕೆ ಒಂದನ್ನು ಬುಟ್ಟಿಯ ಅಂಚಿಗೆ ಬಡಿದು ನೋಡಿದಳು. ಟಣ್ ಎಂದಿತು. "ಅಮ್ಮಾ, ಇದನ್ನು ತಿನ್ನುವುದಾ? ಮುಚ್ಚಳ ಮಾಡುವುದಾ?"

ಉಡಿ

ಅಲ್ಲಿಂದ ಸಮುದ್ರದ ದಂಡೆಗೆ ಬಂದೆವು.

ನಾನು ಏನೆಂದು ಹೇಳಲಿ? ಡ್ಯಾಮಿಗೆ ಆಚೆ ದಡ ಇರುತ್ತದೆ, ಇದಕ್ಕೆ ಇರಲಿಲ್ಲ. ಐದು ನಿಮಿಷದಲ್ಲಿ ಉಳಿದ ಏಳೂ ಹೆಂಗಸರು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದು ಸಣ್ಣ ಹುಡುಗಿಯರಂತೆ ಚೀರುತ್ತಿದ್ದರು. ನಾನು ಒಣ ಉಸುಕಿನ ಮೇಲೆ ಒಂಬತ್ತು ಜೋಡಿ ಚಪ್ಪಲಿ ಮತ್ತು ಉಳಿದ ರೊಟ್ಟಿಗೆ ಕಾವಲು ನಿಂತಿದ್ದೆ. ತೆರೆ ನನ್ನ ಕಾಲಿನ ತನಕ ಬಂದಂತೆ ಮಾಡಿ ಹಿಂದೆ ಹೋಗುತ್ತಿತ್ತು. ಅದಕ್ಕೂ ಅತ್ತೆಯ ಹೆದರಿಕೆ ಇತ್ತೋ ಏನೋ.

ಅತ್ತೆ ದಂಡೆಯಲ್ಲಿ ಕುಳಿತು ಹಸಿ ಉಸುಕಿಗೆ ಅರಿಷಿಣ ಕುಂಕುಮ ಏರಿಸಿ, ಗುಳೇದಗುಡ್ಡದ ಖಣದ ಗಂಟನ್ನು ನೀರಿಗೆ ಬಿಟ್ಟು ಕೈಮುಗಿದರು. ಒಂದು ತೆರೆ ಬಂದು ಗಂಟನ್ನು ಅವರ ಕಾಲ ಮುಂದೆಯೇ ಇಟ್ಟು ಹೋಯಿತು.

ಹೊಲಿಗೆಯಕ್ಕ ಗಾಬರಿಯಾದಳು. "ಅಯ್ಯ, ಒಲ್ಲೆ ಅಂದ್ಲಲ್ರಿ!"

ಅತ್ತೆಯ ಮುಖ ಮಾತ್ರ ಅರಳಿತ್ತು. "ಒಲ್ಲೆ ಅಲ್ಲವಾ, ಮರ್ಯಾದಿ. ದೊಡ್ಡ ಮನಿತನದಾಕಿ ಅದಾಳ. ಒಂದ ಸಲಕ್ಕ ಯಾರು ತಗೋತಾರ?"

ಎರಡನೆಯ ಸಲ ಹಿಮ್ಮಡ ಮುಳುಗುವಷ್ಟು ಒಳಗೆ ಹೋಗಿ ಬಿಟ್ಟರು. "ತಗೋ ಬೇ ಯವ್ವಾ, ನಮ್ಮದೇನು ಹೆಚ್ಚಿಂದಲ್ಲ." ಗಂಟು ತಿರುಗಿ ಬಂತು. ಮೂರನೆಯ ಸಲ ಮೊಣಕಾಲಿನ ತನಕ. "ನಿನಗಲ್ಲದ ಮತ್ತ್ಯಾರಿಗೆ ಕೊಡೂನು? ತಗೋ." ಅದೂ ತಿರುಗಿ ಬಂತು.

ಅತ್ತೆಗೆ ಸಿಟ್ಟು ಬಂತು. "ಇದು ಅತಿ ಆತು. ಮೂರು ಸಲ ಆದ ಮ್ಯಾಲ ಸುಮ್ಮನ ತಗೋಬೇಕು. ಆಕಿಗೆ ರೀತಿ ಗೊತ್ತಿಲ್ಲೇನು?" ಎಂದು ಗಂಟನ್ನು ಎತ್ತಿ ಹಿಡಿದು, ನಮ್ಮ ಮನೆಯ ಬಾಗಿಲಲ್ಲಿ ಬೀಗತಿಯನ್ನು ಅಟ್ಟಿಸಿಕೊಂಡು ಹೋಗುವಂತೆಯೇ ನುಗ್ಗಿದರು. ದಂಡೆ ಕಾಯುವ ಜೀವರಕ್ಷಕ ಸೀಟಿ ಊದಿದ. "ಅಮ್ಮಾ, ಮುಂದೆ ಹೋಗ್ಬೇಡಿ! ಹಿಂದೆ ಬನ್ನಿ!"

ಅತ್ತೆ ತಿರುಗಿ ಗದರಿದರು. "ನೀ ನಡುವ ಬರಬ್ಯಾಡಪಾ! ನಾವು ಹೆಣ್ಮಕ್ಕಳು ಹೆಣ್ಮಕ್ಕಳು ಮಾತಾಡಾಕತ್ತೇವಿ!"

ಆಗ ಒಂದು ತೆರೆ ಅವರ ಸೊಂಟಕ್ಕೆ ಬಡಿಯಿತು. ಹೊಯ್ದಾಡಿದರು, ಗಂಟು ಮಾತ್ರ ಬಿಡಲಿಲ್ಲ. ನನ್ನತ್ತ ಕೂಗಿದರು: "ಲೇ ಇಕಿನ! ಕಂಬದಂಗ ನಿಂತೀಯಲ್ಲ, ಬಾ ಇಲ್ಲಿ! ಕೈ ಹಿಡಿ!"

ಓಡಬೇಕೆಂದು ಕಾಲು ಎತ್ತಿದವಳು ನಿಂತೆ. ಬಾಯಿ ನನ್ನದು ಸುಮ್ಮನಿರುವ ಜಾತಿಯದಲ್ಲ. "ನಾ ಜಗಲಿ ಮುಟ್ಟಿ ಆಣಿ ಮಾಡೇನ್ರಿ ಅತ್ತಿ!"

"ಆಣಿ ಹಿಂದಕ್ಕ ತಗೊಂಡೇನಿ, ಬಾ!"

"ಎಲ್ಲಾರ ಮುಂದ ಹೇಳ್ರಿ!"

"ಹೇಳೇನಿ! ಎಲ್ಲಾರೂ ಕೇಳ್ರಿ! ಬರತೀಯೋ, ನಾ ಹರಕೊಂಡು ಹೋಗ್ಲ್ಯೋ!"

ರೊಟ್ಟಿಯ ಗಂಟು ಅಲ್ಲೇ ಒಗೆದು ಓಡಿದೆ. ನೀರು ನಾನು ಅಂದುಕೊಂಡಷ್ಟು ತಣ್ಣಗಿರಲಿಲ್ಲ. ಅಂಗಾಲಿನ ಕೆಳಗಿನ ಉಸುಕು ಯಾರೋ ಮೆಲ್ಲಗೆ ಎಳೆದುಕೊಂಡಂತೆ ಸರಿಯಿತು. ಅತ್ತೆಯ ಕೈ ಹಿಡಿದೆ. ಇಬ್ಬರೂ ಕೂಡಿ ಗಂಟನ್ನು ನೀರಿನೊಳಗೆ ಒತ್ತಿ ತುರುಕಿದೆವು. ತೆರೆ ಹಿಂದೆ ಹೋಯಿತು. ಗಂಟು ತಿರುಗಿ ಬರಲಿಲ್ಲ.

"ತಗೊಂಡ್ಲು" ಎಂದು ಅತ್ತೆ ಉಸಿರು ಬಿಟ್ಟರು. ಕೆಲಸ ಮುಗಿದಿತ್ತು, ಆದರೂ ನನ್ನ ಕೈ ಬಿಡಲಿಲ್ಲ, ದಂಡೆಗೆ ಹೋಗೆಂದೂ ಅನ್ನಲಿಲ್ಲ. ಇಬ್ಬರೂ ತೊಯ್ದು ತೊಪ್ಪೆಯಾಗಿ ನಿಂತೆವು. ಮುಂದಿನ ತೆರೆ ಬಂದಾಗ ಇಬ್ಬರೂ ಕೂಡಿಯೇ ಚೀರಿದೆವು.

ಆ ತೆರೆಯ ಜೊತೆ ಏನೋ ತೇಲಿ ಬಂದು ಅತ್ತೆಯ ಮೊಣಕಾಲಿಗೆ ತಾಗಿತು. ಒಂದು ಗಂಟು. ನಮ್ಮದಲ್ಲ. ನಮ್ಮದು ಕೆಂಪು ಅಂಚಿನದು, ಇದು ಮಾಸಿದ ಹಸಿರು. ಒಳಗೆ ಯಾರೋ ಬಿಟ್ಟ ತೆಂಗಿನಕಾಯಿ.

"ಬ್ಯಾಡ ಬ್ಯಾಡ, ಅದೆಲ್ಲಾ ಯಾಕ ಬೇ" ಎಂದು ಅತ್ತೆ ಅದನ್ನು ದೂಡಿದರು. ತಿರುಗಿ ಬಂತು. ಮತ್ತೊಮ್ಮೆ ದೂಡಿದರು. ಮತ್ತೆ ಬಂತು. ಮೂರನೆಯ ಸಲವೂ ದೂಡಿದರು. ಅದೂ ಬಂದಾಗ ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ದಂಡೆಗೆ ಬಂದು ಗಂಟು ಬಿಚ್ಚಿದರು. ಹೊಲಿಗೆಯಕ್ಕ ಖಣದ ಅಂಚನ್ನು ಬೆರಳಲ್ಲಿ ತಿಕ್ಕಿ, "ಪಾಲಿಸ್ಟರ್ ರೀ ಅತ್ತಿ" ಅಂದಳು.

ಅತ್ತೆ ಆ ಖಣ ನೋಡಿದರು. ಸಮುದ್ರ ನೋಡಿದರು. ಮತ್ತೆ ಖಣ ನೋಡಿದರು.

"ನೋಡಿದೇನು ಈಕಿನ! ನಮ್ಮ ಗುಳೇದಗುಡ್ಡದ ಖಣ ಪೆಟ್ಟಿಗ್ಯಾಗ ಇಟಗೊಂಡ್ಲು, ಯಾರೋ ಕೊಟ್ಟ ಪಾಲಿಸ್ಟರ್ ನಮಗ ದಾಟಿಸಿದ್ಲು!"