ಜಾರಿದ್ದು ನಾನು, ಮುರಿದದ್ದು ತಾವು

ಮಾನ್ಯ ಬಲ ಮಣಿಕಟ್ಟಿನ ಮೂಳೆಯವರೇ,

ಹುಟ್ಟಿದಂದಿನಿಂದ ನನ್ನ ತೊಗಲಿನೊಳಗಿದ್ದೂ ಒಂದು ದಿನವಾದರೂ ತಮ್ಮ ಇರವನ್ನು ತೋರಗೊಡದ ತಮಗೆ ಈ ಬೇಕರಿಯವಳ ನಮಸ್ಕಾರಗಳು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು, ಕಾರಣ ತಾವೇ.

ಆ ಬೆಳಿಗ್ಗೆ ಮದುವೆಯ ಮೂರಂತಸ್ತಿನ ಕೇಕು ಅಲಂಕಾರವಿಲ್ಲದೆ ಬೋಳಾಗಿ ನಿಂತಿತ್ತು. ನೆಲಕ್ಕೆ ಚೆಲ್ಲಿದ ಬೆಣ್ಣೆ ಒರೆಸಿಲ್ಲವೆಂದು ಸೊಸೆಯನ್ನು ಬೈಯುತ್ತ, ಬೈಗುಳದ ಭರದಲ್ಲಿ ಅದೇ ಬೆಣ್ಣೆಯ ಮೇಲೆ ಕಾಲಿಟ್ಟೆ. ಬೀಳುವವರೆಲ್ಲ ಮಾಡುವಂತೆ ಕೈ ಊರಿದೆ. ತಾವು ಲಟಕ್ಕೆಂದಿರಿ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತಮ್ಮ ಕುಲದ ವೈಭವವನ್ನೆಲ್ಲ ವಿವರಿಸಿದರು. ಮಕ್ಕಳ ಮೂಳೆ ಹಸಿ ಕಡ್ಡಿಯಂತೆ ಬಾಗಿ ಒಂದು ಮಗ್ಗುಲು ಮಾತ್ರ ಸೀಳುತ್ತದಂತೆ. ಓಡಿ ಓಡಿ ದಣಿದ ಕಾಲಿನ ಮೂಳೆ ಕೂದಲೆಳೆಯಷ್ಟು ಬಿರಿಯುತ್ತದಂತೆ. ತಿರುಚಿದರೆ ಸುರುಳಿಯಾಗಿ, ಜೋರು ಪೆಟ್ಟಿಗೆ ಚೂರು ಚೂರಾಗಿ ಮುರಿಯುತ್ತದಂತೆ. ಕೆಲವು ಮಹನೀಯರು ಚರ್ಮ ಹರಿದು ಹೊರಗೇ ಇಣುಕುತ್ತಾರಂತೆ. ತಾವು ಒಳಗೊಳಗೇ ಮುರಿದು ಮನೆಯ ಮಾನ ಉಳಿಸಿದಿರಿ, ಉಪಕಾರ. ಆದರೆ ಕೂದಲೆಳೆಯ ಬಿರುಕಿನಂಥ ಸುಲಭದ ದಾರಿ ಇರುವಾಗ, ಪೂರಾ ತುಂಡಾಗಿ ಹಿಂದಕ್ಕೆ ಸರಿದು, ನನ್ನ ಕೈಯನ್ನು ಸೊಟ್ಟ ಚಮಚ ಮಾಡುವ ದೊಡ್ಡಸ್ತಿಕೆ ಬೇಕಿತ್ತೇ?

"ಬಿದ್ದಿದ್ದಕ್ಕೆ ಮಾತ್ರ ಅಲ್ಲಮ್ಮ, ಮೂಳೆ ಒಳಗೇ ಸವೆದಿದೆ. ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರಿಗೆ ಹೀಗಾಗುತ್ತೆ," ಎಂದರು ಡಾಕ್ಟರಮ್ಮ. ಮಾನ್ಯರೇ, ಹಲ್ಲು ನೋಯುತ್ತದೆ, ಹೊಟ್ಟೆ ಗುಡುಗುತ್ತದೆ. ಸವೆಯುವಾಗಲೂ ತುಟಿಪಿಟಕ್ಕೆನ್ನದ ಸಂಭಾವಿತರು ತಾವೊಬ್ಬರೇ. ಮುಂದೆ ಮತ್ತೆ ಮುರಿಯುವ ಇರಾದೆಯಿದ್ದರೆ ಮೊದಲೇ ತಿಳಿಸಿ, ಅಂಗಡಿಗೆ ರಜೆಯಿರುವ ದಿನವನ್ನೇ ಆರಿಸಬೇಕಾಗಿ ಪ್ರಾರ್ಥನೆ.

ಪ್ಲಾಸ್ಟರ್ ಹಾಕಿಸಿಕೊಂಡು ಬೇಕರಿಗೆ ಬಂದು ಸ್ಟೂಲಿನ ಮೇಲೆ ಕೂತೆ. ಅಲ್ಲಿಯವರೆಗೆ ಕೇಕಿನ ಮೇಲೆ ಹೂ ಬಿಡಿಸುವ ಕ್ರೀಮಿನ ಕೋನನ್ನು ಸೊಸೆಯ ಕೈಗೆ ಕೊಟ್ಟವಳಲ್ಲ ನಾನು. ಈಗ ಬೇರೆ ಗತಿಯಿರಲಿಲ್ಲ. ಅವಳು ಕೋನನ್ನು ಬಿಗಿಯಾಗಿ ಹಿಡಿದು ಬಿಡಿಸಿದ ಮೊದಲ ಗುಲಾಬಿ ಥೇಟು ಎಲೆಕೋಸು.

"ಅತ್ತೆ, ಬೈಬೇಡಿ. ಹೇಳಿಕೊಡಿ," ಎಂದಳು.

ಬೈಯಲು ತೆರೆದ ಬಾಯಿಂದ, ಅದು ಹೇಗೋ, "ಕೈ ಸಡಿಲ ಬಿಡು ಮಗಳೇ" ಎಂಬ ಮಾತು ಬಂತು. ಸಂಜೆಗೆ ಕೇಕಿನ ತುಂಬ ಹೂವರಳಿತ್ತು. ಮದುಮಗಳ ತಾಯಿ ಬಂದು, "ನಿಮ್ಮ ಕೈಚಳಕಕ್ಕೆ ಸಾಟಿಯಿಲ್ಲ," ಎನ್ನುತ್ತ ನನ್ನ ಪ್ಲಾಸ್ಟರ್ ಕಂಡು ಗಾಬರಿಯಾದರು. "ಕೈ ನನ್ನದಲ್ಲ, ಸೊಸೆಯದು," ಎಂದೆ. ಅವಳು ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಕ್ರೀಮ್ ಬಳಿದುಕೊಂಡಳು.

ತಾವೇನೋ ಕೂಡಿಕೊಂಡಿರಿ, ಸಂತೋಷ. ಆದರೆ ಕೋನ್ ಕೇಳಿದರೆ ಅವಳು, "ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ," ಎನ್ನುತ್ತಾಳೆ. ಆ ಕೋನನ್ನೂ ನನ್ನ ಕೈಗೆ ಕೂಡಿಸಿಕೊಡುವ ವಿದ್ಯೆ ತಮ್ಮಲ್ಲಿದೆಯೇ?

ಇನ್ನೂ ಪೂರ್ತಿ ಭಾರ ಹಾಕಲು ಅಂಜುವ,
ತಮ್ಮ ವಿಶ್ವಾಸಿ,
ಬೇಕರಿಯವಳು

ವಿ.ಸೂ.: ಈ ಪತ್ರದ ಪ್ರತಿಯನ್ನು ಸೊಂಟದ ಮೂಳೆಯವರಿಗೂ ಕಳಿಸಿದ್ದೇನೆ. ಹಾಲು, ಬಿಸಿಲು, ಮಾತ್ರೆ, ಎಲ್ಲವೂ ಅವರಿಗೆ ತಪ್ಪದೆ ಸಲ್ಲುತ್ತಿದೆ. ಇಷ್ಟಾದರೂ ಅವರೂ ತಮ್ಮಂತೆಯೇ ಮುರಿಯುವ ಹಾದಿ ಹಿಡಿದರೆ, ನಾನೀಗ ಕೂರುವ ಗಲ್ಲಾದ ಕುರ್ಚಿಯೂ ಸೊಸೆಯ ಪಾಲಾಗುತ್ತದೆ. ಆಮೇಲೆ ದಿನವಿಡೀ ಬೈಯಲು ನನಗೆ ಉಳಿಯುವುದು ತಾವಿಬ್ಬರೇ.