ಖಾಲಿ ಬೀದಿಯಲ್ಲಿ ಏಳು ಪೊರಕೆ

ಖಾಲಿ ಬೀದಿಯ ಫೋಟೋ ತೆಗೆಯಲು ಬೇಕಾದದ್ದು ಎರಡೇ: ಒಂದು ಬೀದಿ, ಅದರಲ್ಲಿ ಯಾರೂ ಇಲ್ಲದಿರುವುದು. ಕೊರೊನಾ ಕಾಲದ ಕ್ಯೋಟೋದಲ್ಲಿ ಪ್ರವಾಸಿಗರ ಸುಳಿವೇ ಇರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನನಗೆ ಈ ವಾದದಲ್ಲಿ ಒಂದು ಬಿರುಕೂ ಕಾಣಲಿಲ್ಲ.

ಫೋಟೋ ಬೇಕಿದ್ದುದು ಹೆಂಡತಿ ಶ್ರುತಿಗೆ. ಮದುವೆಯಾದ ತಿಂಗಳಿಗೇ ನಾನು ಪಿಎಚ್.ಡಿ.ಗೆಂದು ಇಲ್ಲಿಗೆ ಬಂದೆ. ಹಿಂದೆಯೇ ಗಡಿ ಮುಚ್ಚಿತು. ಅವಳು ಮೈಸೂರಿನಲ್ಲೇ ಉಳಿದಳು. ಮೊದಲ ವಾರ್ಷಿಕೋತ್ಸವದ ಹಿಂದಿನ ದಿನ ಫೋನಿನಲ್ಲಿ ಅವಳ ದನಿ ಸೋತಿತ್ತು.

"ವೀಸಾ ಇನ್ನು ಬರಲ್ಲ ಅನ್ಸುತ್ತೆ ಕಣೋ."

"ಆಧಾರ ಏನು?" ಎಂದೆ. ಅಭ್ಯಾಸಬಲ!

"ಆಧಾರ ನಿನ್ನ ತಲೆ! ನಾವಿಬ್ರೂ ಓಡಾಡೋಣ ಅಂದಿದ್ಯಲ್ಲ, ಆ ಹಳೇ ಬೀದಿ ಫೋಟೋ ಕಳ್ಸು. ನಾನು ನಾಳೆ ಏಳೋಷ್ಟರಲ್ಲಿ ಬಂದಿರ್ಬೇಕು. ಅದ್ರಲ್ಲಿ ಒಬ್ರೂ ಇರ್ಬಾರ್ದು. ನನಗೋಸ್ಕರ ಕಾಯ್ತಾ ಇರೋ ಹಾಗೆ ಕಾಣ್ಬೇಕು."

ಬೆಳಗ್ಗೆ ಐದೂವರೆಗೇ ಸೈಕಲ್ ಏರಿದೆ. ಸಾಲಾಗಿ ಮರದ ಮನೆಗಳು, ಕಲ್ಲುಹಾಸು, ಎಳೆಬಿಸಿಲು. ನಡುವೆ ಮಾಸ್ಕ್ ಹಾಕಿದ ಅಜ್ಜಿಯೊಬ್ಬರು ಮನೆ ಮುಂದೆ ಗುಡಿಸುತ್ತಿದ್ದರು. ಅವರು ಮುಗಿಸಲಿ ಎಂದು ನಾನು ಕಾದೆ. ಫೋನು ಹಿಡಿದು ನಿಂತ ನಾನು ಮುಗಿಸಲಿ ಎಂದು ಅವರೂ ಪೊರಕೆ ನಿಲ್ಲಿಸಿ ಕಾದರು!

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಬಾಗಿದರು. ಸೋಲುವುದುಂಟೇ? ನಾನು ಇನ್ನೂ ಕೆಳಗೆ ಬಾಗಿದೆ. ಅವರು ಮತ್ತೂ ಕೆಳಗೆ. ಚರ್ಚೆಯಲ್ಲಿ ಕೊನೆಯ ಮಾತು ಯಾವತ್ತೂ ನನ್ನದೇ. ಆವತ್ತು ಸೊಂಟ ಹಿಡಿಯಿತು.

ಬಿಸಿಲೇರುತ್ತಿತ್ತು. ಕೈಸನ್ನೆ ಮಾಡಿ ಪೊರಕೆ ಇಸಿದುಕೊಂಡು ನಾನೇ ಗುಡಿಸಿದೆ. ಧಾರಾಳವಾಗಿ ಪಕ್ಕದ ಮನೆ ಮುಂದೆಯೂ! ಅಜ್ಜಿ ಗಾಬರಿಯಿಂದ ಕೈಯಾಡಿಸಿದರು. ಮೆಚ್ಚುಗೆ ಎಂದುಕೊಂಡೆ.

ಕ್ಯೋಟೋದಲ್ಲಿ ಅವರವರ ಮನೆ ಮುಂದೆ ಗುಡಿಸಿ, ಪಕ್ಕದವರತ್ತ ಒಂದು ಗೇಣು ದಾಟಬಹುದಂತೆ, ಅಷ್ಟೇ. ಹೆಚ್ಚಾದರೆ 'ನೀವು ಸೋಮಾರಿಗಳು' ಎಂದು ಸಾರಿದಂತೆ! ಲ್ಯಾಬಿನ ಸಾತೋ-ಸಾನ್ ಇದನ್ನು ಹೇಳಿ ನಕ್ಕದ್ದು ಆಮೇಲೆ. ಆಗ ಆದದ್ದಿಷ್ಟು: ಪಕ್ಕದ ಬಾಗಿಲು ಸರ್ರನೆ ಸರಿದು ಮನೆಯೊಡೆಯರು ಪೊರಕೆಸಮೇತ ಓಡಿಬಂದರು. ಅವರನ್ನು ನೋಡಿ ಎದುರು ಮನೆಯವರು. ಅವರನ್ನು ನೋಡಿ ಆಚೆ ಮನೆಯವರು. ಹತ್ತು ನಿಮಿಷದಲ್ಲಿ ಖಾಲಿ ಬೀದಿಯಲ್ಲಿ ಏಳು ಪೊರಕೆ!

ನನ್ನ ಮುಖ ನೋಡಿ ಅಜ್ಜಿಗೆ ಕನಿಕರ ಹುಟ್ಟಿರಬೇಕು. ನನ್ನ ಫೋನು ತೆಗೆದುಕೊಂಡು ತಾವೇ ಒಂದು ಫೋಟೋ ಹೊಡೆದರು: ಮುಂದೆ ಪೊರಕೆ ಹಿಡಿದ ನಾನು, ಹಿಂದೆ ಇಡೀ ಬೀದಿ. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದೆ.

ಶ್ರುತಿ ಎದ್ದವಳೇ ಫೋನ್ ಮಾಡಿದಳು. ನಾನು ವಾದ ಸಿದ್ಧಪಡಿಸಿಕೊಂಡಿದ್ದೆ. "ನೋಡು, ತಾಂತ್ರಿಕವಾಗಿ ಹೇಳೋದಾದ್ರೆ..."

"ಸುಮ್ನಿರೋ!" ಬಹಳ ಹೊತ್ತು ನಕ್ಕಳು. ಆಮೇಲೆ ಮೂಗು ಒರೆಸಿಕೊಂಡ ಸದ್ದು. "ನಾನು ಬರ್ತೀನಿ ಅಂತ ಇಷ್ಟು ಜನ ಬೀದಿ ಗುಡಿಸ್ತಿದಾರಾ? ಹಾಗಾದ್ರೆ ಎಷ್ಟು ದಿನ ಆದ್ರೂ ಸರಿ, ಬಂದೇ ಬರ್ತೀನಿ."

ಸಿದ್ಧಪಡಿಸಿಕೊಂಡಿದ್ದ ವಾದವನ್ನು ಅಲ್ಲಿಗೇ ಕೈಬಿಟ್ಟೆ.

"ಅಂದಹಾಗೆ, ನಿನಗೆ ಗುಡ್ಸೋಕೆ ಬರುತ್ತೆ ಅನ್ನೋದಕ್ಕೆ ಆಧಾರ ಸಿಕ್ತು. ಇಟ್ಕೊಂಡಿದೀನಿ!"

ಮದುವೆಯಾದ ಆ ಒಂದು ತಿಂಗಳು, ನನಗೆ ಗುಡಿಸಲು ಬರುವುದೇ ಇಲ್ಲವೆಂದು ವಾದಿಸಿ ದಿನವೂ ಗೆದ್ದವನು ನಾನು.