ಕೆನಾಲ್ ದಂಡೆಯ ಲಾಟ್ ಸಾಹೇಬರು

ಬ್ರಿಟಿಷರು ದೇಶ ಬಿಟ್ಟು ಹೋದರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಕೆಂಭಾವಿ ಹತ್ತಿರದ ನಮ್ಮೂರಲ್ಲಿ, ನನ್ನ ಸೋದರಮಾವನ ತಲೆಯೊಳಗೆ ಆರಾಮಾಗಿದ್ದರು!

ಮಾವ ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ರದ್ದಿ ಅಂಗಡಿಯಲ್ಲಿ ಅವರಿಗೊಂದು ಹಳೆಯ ಪುಸ್ತಕ ಸಿಕ್ಕಿತು: ಬಿಳಿಯರ ಕಾಲದ ಶಾಸನಸಭೆಯ ನಡಾವಳಿ ನಿಯಮಗಳು. ಎಂಥ ಸಭೆ ಅಂತೀರಿ! ಸದಸ್ಯರು ಪ್ರಶ್ನೆ ಕೇಳಬಹುದು, ಸರಕಾರಕ್ಕೆ ಮನಸ್ಸಿದ್ದರೆ ಉತ್ತರ. ಬಜೆಟ್ಟಿನ ಮೇಲೆ ದಿನಗಟ್ಟಲೆ ಮಾತಾಡಬಹುದು, ಒಂದು ಪೈಸೆ ಕಡಿಯುವಂತಿಲ್ಲ. ಎಲ್ಲರೂ ಸೇರಿ ಬೇಡವೆಂದರೂ ಗವರ್ನರ್, ಅಂದರೆ ಲಾಟ್ ಸಾಹೇಬರು, ರುಜು ಹಾಕಿದರೆ ಮುಗಿಯಿತು. ಇಷ್ಟು ಅಚ್ಚುಕಟ್ಟಾಗಿ ಏನೂ ಮಾಡದಿರುವ ವ್ಯವಸ್ಥೆ ಮೂವತ್ತು ವರ್ಷ ಸರಕಾರಿ ನೌಕರಿ ಮಾಡಿದವರಿಗೆ ಹಿಡಿಸದೆ ಇದ್ದೀತೇ?

ಅಷ್ಟರಲ್ಲಿ ಊರಿಗೆ ಕೆನಾಲ್ ಬಂತು. ನೀರು ಹಂಚಿಕೊಳ್ಳಲು ರೈತರು ಸಂಘ ಕಟ್ಟಿ, ಕಾಗದ ಬರೆಯಲು ಬರುತ್ತದೆಂದು ಮಾವನನ್ನು ಅಧ್ಯಕ್ಷರನ್ನಾಗಿ ಮಾಡಿದರು. ಪಾಪ, ಅವರಿಗೇನು ಗೊತ್ತು! ಮಾವ ದೊಡ್ಡ ರುಮಾಲು ಸುತ್ತಿಕೊಂಡು ಕುರ್ಚಿ ಏರಿದರು. ಅಧ್ಯಕ್ಷರ ತಲೆ ಬರಿದಾಗಿರಬಾರದಂತೆ. ಚಹಾ ತರಿಸುವುದಕ್ಕೂ ಒಬ್ಬ ಸೂಚಿಸಬೇಕು, ಒಬ್ಬ ಅನುಮೋದಿಸಬೇಕು. ಠರಾವು ಪಾಸಾಗುವಷ್ಟರಲ್ಲಿ ಹೋಟೆಲಿನವನು ಬಾಗಿಲು ಹಾಕಿಕೊಂಡು ಹೋಗಿರುತ್ತಿದ್ದ.

ಒಂದು ದಿನ ಕೆನಾಲಿನ ಕೊನೆಯಲ್ಲಿ ಎರಡೆಕರೆ ಹೊಲವಿದ್ದ ನಿಂಗಮ್ಮ ಎದ್ದು ನಿಂತಳು.

"ಯಣ್ಣಾ, ಮ್ಯಾಲಿನವ್ರು ಭತ್ತಕ್ಕ ನೀರೆಲ್ಲಾ ಕಟ್ಟಿಕೊಂಡಾರ. ನನ್ನ ಶೇಂಗಾ ಒಣಗಾಕತ್ತದ."

"ಪ್ರಶ್ನಿ ಕೇಳಾಕ ಹತ್ತು ದಿನ ಮೊದಲ ನೋಟೀಸ್ ಕೊಡಬೇಕವ್ವಾ."

"ಹತ್ತು ದಿನಕ್ಕ ಶೇಂಗಾನೇ ಇರಂಗಿಲ್ಲಲ್ಲೋ ಯಪ್ಪಾ!"

"ಅದು ಉಪಪ್ರಶ್ನಿ. ಅದಕ್ಕ ಬ್ಯಾರೆ ನೋಟೀಸ್."

ನಾನು ಹೊರಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಂಗಮ್ಮ ನಗಲಿಲ್ಲ. ಹಟ ಹಿಡಿದು ಅಲ್ಲೇ ಕುಳಿತಳು. ಕೊನೆಗೆ ಯಾರೋ ಠರಾವು ತಂದರು: ಮೇಲಿನವರು ಎರಡು ದಿನ ತೂಬು ಮುಚ್ಚಬೇಕು. ಕೈ ಎತ್ತಿಸಿದರೆ ಪರವಾಗಿ ನಾಲ್ಕು, ವಿರುದ್ಧ ನಾಲ್ಕು!

ಮಾವ ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದಿದರು. ಮತ ಸಮ ಬಂದರೆ ಅಧ್ಯಕ್ಷರು ಇದ್ದದ್ದು ಇದ್ದಂತೆಯೇ ಉಳಿಯುವ ಹಾಗೆ ಮತ ಹಾಕುವುದು ಪದ್ಧತಿ. ಮೇಲಿನವರು ಮೀಸೆಯಡಿ ನಕ್ಕರು. ನಗದೆ ಏನು? ಮೊದಲನೆಯ ತೂಬು ಮಾವನದೇ, ಅದರ ಕೆಳಗಿನ ಭತ್ತವೂ ಮಾವನದೇ.

ಮಾವ ನಿಂಗಮ್ಮನನ್ನು ನೋಡಿದರು. ಪುಸ್ತಕ ಮುಚ್ಚಿ ಕೈ ಎತ್ತಿದರು.

"ನನ್ನ ಮತ ನಿಂಗಮ್ಮನ ಕಡಿ."

"ಪುಸ್ತಕದಾಗ ಹಂಗಿಲ್ಲಲ್ರೀ!" ಎಂದು ಮೇಲಿನವರಲ್ಲೊಬ್ಬ ಕೂಗಿದ.

"ಪುಸ್ತಕ ಬರದಾವ್ರು ಶೇಂಗಾ ಬಿತ್ತಿರಲಿಲ್ಲಪಾ."

ಅಲ್ಲಿಂದ ನೇರವಾಗಿ ನಡೆದು ತಮ್ಮ ತೂಬಿನ ಹಲಗೆಯನ್ನು ತಾವೇ ಇಳಿಸಿ ಮುಚ್ಚಿದರು. ಸಂದಿಯಲ್ಲಿ ನೀರು ಸೋರುತ್ತಿತ್ತು. ಆ ದೊಡ್ಡ ರುಮಾಲು ಬಿಚ್ಚಿ ಅದರೊಳಗೆ ತುರುಕಿದರು. ಬೋಳು ತಲೆ ಬಿಸಿಲಿಗೆ ಮಿಂಚುತ್ತಿತ್ತು. ಜೀವನದಲ್ಲಿ ಮೊದಲ ಸಲ ನನಗೆ ಅವರನ್ನು ನೋಡಿ ನಗು ಬರಲಿಲ್ಲ.

"ಏನ್ ನೋಡ್ತಿ? ಓಡು," ಎಂದರು ಮಾವ, "ನೀರು ಬಂತಂತ ನಿಂಗಮ್ಮಗ ಹೇಳು. ನೋಟೀಸ್ ಬ್ಯಾಡ."